ನಮ್ಮ ಕರಪತ್ರವನ್ನು ಯಾರು ಓದಬೇಕು?

(ಯಲಹಂಕದ ಬಳಿಯ ಪುಟ್ಟೇನಹಳ್ಳಿಯಲ್ಲಿ ಕಾರ್ಮಿಕರ ಮತ್ತು ಅಂಗಡಿಕಾರರ ಕೂಟದಲ್ಲಿ ಮಾಡಿದ ಭಾಷಣ)



ಇಂದು ನಾವು ಒಂದು ಕಾಗದದ ವಿಚಾರ ಮಾತನಾಡಲು ಬಂದಿದ್ದೇವೆ. ಕಳೆದ ಸಲ ಬೋನಸ್ಸಿನ ಸಭೆಗೆಂದು ಸಾವಿರ ಕರಪತ್ರ ಅಚ್ಚು ಹಾಕಿಸಿದೆವು. ಪಾಳಿ ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಂತು ಹಂಚಿದೆವು. ಸಭೆಗೆ ಬಂದವರು ಹದಿನೇಳು ಮಂದಿ. ಮಾಲೀಕರ ಹೆದರಿಕೆ, ಕಾರ್ಮಿಕರ ಉದಾಸೀನ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ಮರುದಿನ ಹಿರಿಯ ಕಾರ್ಮಿಕರೊಬ್ಬರು ಜೇಬಿನಿಂದ ಅದೇ ಕಾಗದ ತೆಗೆದು, ಮಡಿಕೆ ಬಿಚ್ಚಿ, "ಮೇಷ್ಟ್ರೇ, ಸಭೆ ಯಾವತ್ತು ಅಂತ ಇದರಲ್ಲಿ ಎಲ್ಲಿದೆ?" ಎಂದು ಕೇಳಿದರು. ನಾವೂ ಹುಡುಕಬೇಕಾಯಿತು. ದಿನಾಂಕ ಹದಿನಾಲ್ಕನೆಯ ಸಾಲಿನ ನಡುವೆ, ಉಳಿದ ಅಕ್ಷರಗಳಷ್ಟೇ ಸಣ್ಣದಾಗಿ ಇದ್ದಿತು. ಮೇಲಿನ ಅರ್ಧ ಪುಟವನ್ನು ಸಂಘದ ಹೆಸರು, ಪದಾಧಿಕಾರಿಗಳ ಹೆಸರು, ಎರಡು ಘೋಷಣೆಗಳು ನುಂಗಿದ್ದವು. ಸಹಿಯಾಗಬೇಕಿದ್ದ ಮನವಿ ಸಹಿಯಿಲ್ಲದೆ ಉಳಿಯಿತು. ತಪ್ಪು ಅಚ್ಚುಕೂಟದವರದಲ್ಲ, ಬರೆದುಕೊಟ್ಟವರು ನಾವು.

ಓದಲು ಬರುವಂತೆ ಅಚ್ಚು ಹಾಕುವುದು ಹಕ್ಕಿನ ಪ್ರಶ್ನೆಯೂ ಹೌದು. 1948ರ ಕಾರ್ಖಾನೆ ಕಾಯ್ದೆಯ 108ನೆಯ ಕಲಮು ಏನೆಂದು ವಿಧಿಸಿತ್ತು? ಪ್ರಕಟಣೆಗಳು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕು. ಮುಖ್ಯ ಬಾಗಿಲ ಬಳಿ ಕಣ್ಣಿಗೆ ಬೀಳುವ ಕಡೆ ಇರಬೇಕು. ಶುಚಿಯಾಗಿ, ಓದಲು ಬರುವ ಸ್ಥಿತಿಯಲ್ಲಿ ಇಡಬೇಕು. ಮಾಲೀಕರಿಂದ ನಾವು ಕೇಳುವ ಈ ಶಿಸ್ತು ನಮ್ಮ ಕಾಗದದಲ್ಲೇ ಇಲ್ಲದಿದ್ದರೆ ಯಾವ ಮುಖದಿಂದ ಕೇಳೋಣ?

ನಮ್ಮ ಕರಪತ್ರ ಓದುವವರು ಯಾರು? ಎಂಟು ಗಂಟೆ ದುಡಿದು, ಬಸ್ಸಿನಲ್ಲಿ ಕಂಬ ಹಿಡಿದು ನಿಂತವರು. ಕನ್ನಡಕ ಮನೆಯಲ್ಲಿದೆ, ದೀಪ ಮಂಕಾಗಿದೆ. ಕಾಗದಕ್ಕೆ ಅವರು ಕೊಡುವುದು ಅರೆಗಳಿಗೆ. ಆ ಅರೆಗಳಿಗೆಯಲ್ಲಿ ಏನು, ಎಲ್ಲಿ, ಯಾವಾಗ ಎಂಬ ಮೂರು ಸಂಗತಿ ತಿಳಿಯಬೇಕು. ಅವನ್ನು ಮೇಲೆ, ದಪ್ಪ ಅಕ್ಷರದಲ್ಲಿ ಹಾಕಿರಿ. ನಮ್ಮ ಹೆಸರುಗಳು ಕೆಳಗಿರಲಿ.

ಒಂದು ಹಾಳೆಗೆ ಒಂದೇ ವಿಷಯ. 1951-52ರ ಮೊದಲ ಮಹಾಚುನಾವಣೆಯನ್ನು ನೆನೆಯಿರಿ. 1951ರ ಜನಗಣತಿಯಂತೆ ದೇಶದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 18 ಮಂದಿ. ಆದುದರಿಂದ ಪ್ರತಿ ಅಭ್ಯರ್ಥಿಗೂ ಬೇರೆ ಪೆಟ್ಟಿಗೆ, ಅದರ ಮೇಲೆ ಒಂದು ಗುರುತು: ಕಾಂಗ್ರೆಸ್ಸಿಗೆ ಜೋಡೆತ್ತು, ಸೋಷಲಿಸ್ಟ್ ಪಕ್ಷಕ್ಕೆ ಮರ, ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ ಗುಡಿಸಲು. ಒಂದೇ ಪೆಟ್ಟಿಗೆಯ ಮೇಲೆ ಮೂರನ್ನೂ ಬರೆದಿದ್ದರೆ ಮತದಾರನ ಗತಿಯೇನು? ಬೋನಸ್ಸು, ಬೆಲೆಯೇರಿಕೆ, ಕುಡಿಯುವ ನೀರು, ಚಂದಾ ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುಂಬುವಾಗ ನಾವು ಮಾಡುವುದು ಅದನ್ನೇ.

ಇನ್ನು ಸಾಲುಗಳ ನಡುವಿನ ಜಾಗ. ಇಂಗ್ಲಿಷಿಗೆ ಹೊಂದಿಸಿದ ಅಂತರ ಕನ್ನಡಕ್ಕೆ ಸಾಲದು. ನಮ್ಮ ಅಕ್ಷರಕ್ಕೆ ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತು. 'ಹಕ್ಕು' ಎಂಬ ಮಾತಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗಿದರೆ ಎರಡು ಸಾಲೂ ಕೆಡುತ್ತವೆ. ಅಕ್ಷರ 12 ಪಾಯಿಂಟ್ ಆದರೆ ಸಾಲಿನಿಂದ ಸಾಲಿಗೆ 18 ಪಾಯಿಂಟ್ ಬಿಡಲು ಹೇಳಿರಿ. ಜಾಗ ಸಾಲದೆಂದು ಅಕ್ಷರವನ್ನು ಹಿಂಡಿಸಕೂಡದು. ದ, ಧ, ಥ ಇವುಗಳಲ್ಲಿ ಇರುವ ಭೇದ ಒಂದು ಸೀಳು, ಒಂದು ಚುಕ್ಕೆಯಷ್ಟು. ಶಾಯಿ ಹರಡಿದರೆ ಅದೂ ಅಳಿಯುತ್ತದೆ. ಜಾಗ ಸಾಲದಿದ್ದರೆ ಮಾತನ್ನು ಕಡಿಮೆ ಮಾಡಿರಿ.

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಟಿತು. ಆಮೇಲೆ ಸೀಸದ ಮೊಳೆ ಬಂದಿತು. ಈಗ ಗಣಕಯಂತ್ರದಲ್ಲಿ ಅಕ್ಷರ ಜೋಡಿಸುತ್ತಾರೆ. ಮೊಳೆಯ ಕಾಲದಲ್ಲಿ ಸಣ್ಣ ಅಚ್ಚುಕೂಟದಲ್ಲಿ ಎರಡು ಮೂರು ಬಗೆಯ ಅಕ್ಷರ ಇದ್ದರೆ ಹೆಚ್ಚು. ಬಡತನವೇ ಹದ ಕಲಿಸುತ್ತಿತ್ತು. ಈಗ ಅಂಗಡಿಯ ಹುಡುಗ ಇಪ್ಪತ್ತು ಬಗೆ ತೋರಿಸುತ್ತಾನೆ, ನಾವು ಆಸೆಬಿದ್ದು ಹತ್ತನ್ನು ಬಳಸುತ್ತೇವೆ. ತಲೆಬರಹಕ್ಕೆ ದಪ್ಪದ್ದು, ಒಳಬರಹಕ್ಕೆ ಸಾದಾ, ಇಷ್ಟು ಸಾಕು.

ಬಣ್ಣದಲ್ಲೂ ಹಾಗೆಯೇ. ಕೆಂಪು ನಮಗೆ ಪ್ರಿಯ. ಆದರೆ ಕಪ್ಪಿನ ಮೇಲೆ ಕೆಂಪು ಸಂಜೆಯ ಬೆಳಕಿನಲ್ಲಿ ಕಾಣದು. ಬಿಳಿಯ ಮೇಲೆ ಹಳದಿ ಮಧ್ಯಾಹ್ನದಲ್ಲೂ ಕಾಣದು. ಸಣ್ಣ ಅಕ್ಷರಕ್ಕೆ ತಿಳಿ ಕಾಗದದ ಮೇಲೆ ಕಪ್ಪು ಶಾಯಿಯೇ ಸರಿ.

ವ್ಯಾಪಾರಿ ಬಂಧುಗಳ ಬೆಲೆಪಟ್ಟಿಗೂ ಈ ಮಾತು ಸಲ್ಲುತ್ತದೆ. ಸಾಮಾನಿನ ಹೆಸರು ಎಡತುದಿಯಲ್ಲಿ, ಬೆಲೆ ಬಲತುದಿಯಲ್ಲಿ ಇದ್ದರೆ ಗಿರಾಕಿಯ ಕಣ್ಣು ಸಾಲು ತಪ್ಪಿ ಅವರೆಯ ಬೆಲೆಯನ್ನು ತೊಗರಿಗೆ ಓದುತ್ತದೆ. ಜಗಳ ನಿಮ್ಮ ಗಲ್ಲಾಪೆಟ್ಟಿಗೆಯ ಮುಂದೆ. ಎರಡನ್ನೂ ಹತ್ತಿರ ತನ್ನಿರಿ, ಇಲ್ಲವೇ ನಡುವೆ ಚುಕ್ಕೆಸಾಲು ಎಳೆಯಿರಿ. ಬೆಲೆ ಕಿಲೋಗೋ ಕಾಲು ಕಿಲೋಗೋ ಎಂಬುದು ಬೆಲೆಯ ಪಕ್ಕದಲ್ಲೇ ಇರಲಿ.

ಚುನಾವಣೆಯ ಕರಪತ್ರವಾದರೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ಕಲಮಿನ ಮಾತು ಇದು, ಮರೆತರೆ ಶಿಕ್ಷೆಯುಂಟು.

ಬೋನಸ್ಸಿನ ಸಭೆಯನ್ನು ಮತ್ತೆ ಕರೆಯುತ್ತಿದ್ದೇವೆ. ಹೊಸ ಕರಪತ್ರದ ಕರಡು ಇಲ್ಲಿದೆ. ಅಚ್ಚಿಗೆ ಕೊಡುವ ಮೊದಲು ನಾಳೆ ಸಂಜೆ ನಿಮ್ಮಲ್ಲಿ ನಾಲ್ವರು ದೊಡ್ಡಬಳ್ಳಾಪುರ ರಸ್ತೆಯ ಬಸ್ ನಿಲ್ದಾಣಕ್ಕೆ ಇದನ್ನು ಒಯ್ಯಿರಿ. ನಮ್ಮ ಸಂಘದವರಲ್ಲದವರ ಕೈಗೆ ಕೊಟ್ಟು, ಹತ್ತು ಎಣಿಸಿ, ಹಿಂದಕ್ಕೆ ತೆಗೆದುಕೊಂಡು, "ಸಭೆ ಯಾವತ್ತು, ಎಲ್ಲಿ, ಏತಕ್ಕೆ?" ಎಂದು ಕೇಳಿರಿ. ಅವರು ತಡವರಿಸಿದರೆ ಅವರನ್ನು ದೂರಬೇಡಿ. ಕರಡನ್ನು ನಮಗೆ ವಾಪಸು ತನ್ನಿರಿ, ತಿದ್ದಿಕೊಡುತ್ತೇವೆ.