ಐವತ್ತು ಸಾವಿರ, ಎರಡು ಸಲ: ನಿಮ್ಮ ಏರಿಯಾದ ಕೋವಿಡ್ ಲೆಕ್ಕ ಓದೋದು ಹೇಗೆ?

ಇವತ್ತು ಸ್ವಲ್ಪ ಲೆಕ್ಕದ ವಿಷಯ. ಓಡಿ ಹೋಗ್ಬೇಡಿ! ನಾನು ಬಿ.ಕಾಂ ಓದಿದವಳು, ನನಗೆ ಬರೋದು ಕೂಡೋದು, ಕಳೆಯೋದು, ಭಾಗಿಸೋದು. ಡಾಕ್ಟರ್ ಅಲ್ಲ, ಹಾಗಾಗಿ ಯಾವ ಮಾತ್ರೆ ತಗೋಬೇಕು ಅಂತ ನನ್ನ ಕೇಳ್ಬೇಡಿ.

ಎರಡು ದಿನಾಂಕ ಹೇಳ್ತೀನಿ. ಒಂದು, 2021ರ ಮೇ 5. ಆ ದಿನದ ಬುಲೆಟಿನ್ ಪ್ರಕಾರ ಕರ್ನಾಟಕದಲ್ಲಿ ಹೊಸ ಕೋವಿಡ್ ಕೇಸು 50,112. ಇನ್ನೊಂದು, 2022ರ ಜನವರಿ 23. ಅವತ್ತು 50,210. ಹೆಚ್ಚು ಕಡಿಮೆ ಒಂದೇ ಸಂಖ್ಯೆ, ಅಲ್ವಾ? ಟಿವಿಯಲ್ಲಿ ಎರಡೂ ದಿನ ಅದೇ ಕೆಂಪು ಅಕ್ಷರ, ಅದೇ ಮ್ಯೂಸಿಕ್. ಆದ್ರೆ ಮೊದಲನೇ ದಿನದ ಬುಲೆಟಿನ್‌ನಲ್ಲಿ ಸಾವು 346. ಎರಡನೇದರಲ್ಲಿ 19.

ಕಾರಣ ನಿಮಗೆ ಗೊತ್ತಿರಬಹುದು. ಮೊದಲನೇದು ಡೆಲ್ಟಾ ಅಲೆ, ಆಗ ಬಹಳಷ್ಟು ಜನರಿಗೆ ಲಸಿಕೆ ಸಿಕ್ಕಿರಲಿಲ್ಲ. ಎರಡನೇದು ಒಮಿಕ್ರಾನ್, ಅಷ್ಟೊತ್ತಿಗೆ ಹೆಚ್ಚಿನವರಿಗೆ ಲಸಿಕೆ ಆಗಿತ್ತು, ತುಂಬಾ ಜನರಿಗೆ ಒಂದು ಸಲ ಕೋವಿಡ್ ಬಂದೂ ಹೋಗಿತ್ತು. ಸರಿ. ಆದ್ರೆ ನಾನು ಹೇಳೋಕೆ ಬಂದಿರೋದು ಬೇರೆ. ‘ಇವತ್ತು ಇಷ್ಟು ಕೇಸು’ ಅನ್ನೋ ಒಂದೇ ಒಂದು ನಂಬರ್ ಇಟ್ಕೊಂಡು ನಾವು ಹೆದರೋದೂ ತಪ್ಪು, ಆರಾಮಾಗಿ ಇರೋದೂ ತಪ್ಪು. ವ್ಯಾಪಾರ ಎಷ್ಟಾಯ್ತು ಅಂತ ಮಾತ್ರ ಹೇಳಿ ಖರ್ಚು ಎಷ್ಟು ಅಂತ ಹೇಳದೇ ಇದ್ರೆ ಅಂಗಡಿ ಲಾಭದಲ್ಲಿದೆಯೋ ಇಲ್ವೋ ಗೊತ್ತಾಗುತ್ತಾ?

‘ಪ್ಯಾಂಡೆಮಿಕ್ ಮುಗೀತಲ್ಲ ಗುರು, ಈಗ್ಯಾಕೆ ಇದು?’ ಅಂತ ಕೇಳ್ತೀರಾ. ವಿಶ್ವ ಆರೋಗ್ಯ ಸಂಸ್ಥೆ ತುರ್ತು ಪರಿಸ್ಥಿತಿ ಮುಗೀತು ಅಂತ ಹೇಳಿದ್ದು 2023ರ ಮೇ 5ಕ್ಕೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಜೆಎನ್.1 ಬಂತು, ನಮ್ಮ ಸರ್ಕಾರ 60 ದಾಟಿದವರಿಗೆ ಮಾಸ್ಕ್ ಹಾಕ್ಕೊಳ್ಳಿ ಅಂತು. 2025ರ ಮೇನಲ್ಲಿ ಮತ್ತೆ ಸ್ವಲ್ಪ ಏರಿತು. ಎರಡೂ ಸಲ ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಎರಡು ಪಾರ್ಟಿ. ಒಂದು, ‘ಲಾಕ್‌ಡೌನ್ ಗ್ಯಾರಂಟಿ, ಅಕ್ಕಿ ತಂದಿಟ್ಕೊಳ್ಳಿ’. ಇನ್ನೊಂದು, ‘ಎಲ್ಲಾ ಸುಳ್ಳು, ಬರೀ ನೆಗಡಿ’. ಈ ಎರಡರ ಮಧ್ಯೆ ನಿಂತು ನಿಮ್ಮ ಅಜ್ಜಿಗೆ ಇವತ್ತು ಮದುವೆ ಮನೆಗೆ ಹೋಗಬಹುದೋ ಬೇಡ್ವೋ ಹೇಳೋಕೆ ಲೆಕ್ಕ ಓದೋದು ಗೊತ್ತಿರಬೇಕು.

ಮೊದಲು ಪಾಸಿಟಿವಿಟಿ. ನೂರು ಟೆಸ್ಟ್‌ಗೆ ಎಷ್ಟು ಪಾಸಿಟಿವ್ ಅಂತ, ಬರೀ ಪರ್ಸೆಂಟೇಜ್. 2021ರ ಮೇ 5ಕ್ಕೆ ಸುಮಾರು 1.55 ಲಕ್ಷ ಟೆಸ್ಟ್ ಆಗಿತ್ತು, ಅಂದ್ರೆ 32 ಪರ್ಸೆಂಟ್. ಮೂರು ಜನ ಟೆಸ್ಟ್ ಮಾಡಿಸಿದ್ರೆ ಹತ್ತಿರ ಹತ್ತಿರ ಒಬ್ಬರಿಗೆ ಇತ್ತು! 2022ರ ಜನವರಿ 23ಕ್ಕೆ ಸುಮಾರು 2.2 ಲಕ್ಷ ಟೆಸ್ಟ್, ಪಾಸಿಟಿವಿಟಿ 23ರ ಆಸುಪಾಸು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದೇನು ಅಂದ್ರೆ, ಎರಡು ವಾರ ಸತತವಾಗಿ ಇದು 5ರ ಕೆಳಗಿದ್ರೆ ಹತೋಟಿಯಲ್ಲಿದೆ ಅನ್ನಬಹುದು ಅಂತ. 32 ಅಂದ್ರೆ, ಸಿಕ್ಕಿರೋದಕ್ಕಿಂತ ಸಿಗದೇ ಇರೋ ಕೇಸೇ ಜಾಸ್ತಿ ಇರಬಹುದು ಅಂತ ಅರ್ಥ. ಟೆಸ್ಟ್ ಕಡಿಮೆ ಮಾಡಿದ್ರೆ ಕೇಸೂ ಕಡಿಮೆ ಕಾಣುತ್ತೆ. ಆದ್ರೆ ಪಾಸಿಟಿವಿಟಿ ಏರ್ತಾ ಹೋಗಿ ಗುಟ್ಟು ಬಿಟ್ಟುಕೊಡುತ್ತೆ.

ಇಲ್ಲೊಂದು ಸಣ್ಣ ಕಿರಿಕ್ ಇದೆ. ಮನೇಲೇ ಮಾಡ್ಕೊಳ್ಳೋ ಟೆಸ್ಟ್ ಕಿಟ್ ಬಂದ್ಮೇಲೆ ಎಷ್ಟೋ ಜನ ಎರಡು ಗೆರೆ ನೋಡಿ, ರೂಮಲ್ಲಿ ಮಲಗಿ, ಯಾರಿಗೂ ಹೇಳದೆ ವಾಸಿಯಾದ್ರು. ಅವರು ಯಾವ ಬುಲೆಟಿನ್‌ನಲ್ಲೂ ಇಲ್ಲ.

ಎರಡನೇದು, ದಿನದ ನಂಬರ್ ನೋಡ್ಬೇಡಿ, ಏಳು ದಿನದ ಸರಾಸರಿ ನೋಡಿ. ಭಾನುವಾರ ಟೆಸ್ಟ್ ಕಡಿಮೆ ಆಗ್ತಿತ್ತು, ಸೋಮವಾರ ಮಂಗಳವಾರದ ಬುಲೆಟಿನ್‌ನಲ್ಲಿ ಕೇಸು ಇಳಿದ ಹಾಗೆ ಕಾಣ್ತಿತ್ತು. ಟಿವಿಯಲ್ಲಿ ‘ರಾಜ್ಯಕ್ಕೆ ಬಿಗ್ ರಿಲೀಫ್’. ಬುಧವಾರ ಮತ್ತೆ ‘ಸ್ಫೋಟ’. ರಜಾ ದಿನದ ಗಲ್ಲಾಪೆಟ್ಟಿಗೆ ನೋಡಿ ಯಾರಾದ್ರೂ ಅಂಗಡಿ ಮುಳುಗ್ತು ಅಂತಾರಾ? ಶೇರು ಆ್ಯಪ್‌ನಲ್ಲಿ ಮೂವಿಂಗ್ ಆವರೇಜ್ ಗೆರೆ ನೋಡ್ತೀರಲ್ಲ, ಅದೇ ಇದು. ಏಳು ದಿನದ್ದು ಕೂಡಿಸಿ ಏಳರಿಂದ ಭಾಗಿಸಿ. ನಾಳೆ ಹಳೇ ದಿನ ಬಿಟ್ಟು ಹೊಸ ದಿನ ಸೇರಿಸಿ. ಫೋನಿನ ಕ್ಯಾಲ್ಕುಲೇಟರ್ ಸಾಕು.

ಈಗ ನಾನು ತುಂಬಾ ಒತ್ತಿ ಹೇಳಬೇಕು ಅನ್ಕೊಂಡಿರೋದು. ಇವತ್ತಿನ ಕೇಸು ಇವತ್ತಿನದಲ್ಲ. ವೈರಸ್ ಒಳಗೆ ಹೋಗಿ ಲಕ್ಷಣ ಕಾಣೋಕೆ ಕೆಲವು ದಿನ, ‘ನಾಳೆ ನೋಡೋಣ’ ಅಂತ ಎರಡು ದಿನ, ಟೆಸ್ಟ್ ರಿಪೋರ್ಟ್‌ಗೆ ಇನ್ನೊಂದೆರಡು ದಿನ. ಹೀಗೆ ನಿಮ್ಮ ಮೊಬೈಲ್‌ಗೆ ಬರೋ ನಂಬರ್ ಹೆಚ್ಚು ಕಡಿಮೆ ಒಂದು ವಾರ, ಹತ್ತು ದಿನ ಹಳೇ ಫೋಟೋ. ಆಸ್ಪತ್ರೆ ಬೆಡ್ ತುಂಬೋದು ಅದಾದ ಮೇಲೆ, ಸಾವಿನ ಸಂಖ್ಯೆ ಏರೋದು ಅದಕ್ಕೂ ಆಮೇಲೆ. ಜನವರಿ 23ರ 19 ಸಾವು ನೋಡಿ ‘ಏನೂ ಇಲ್ಲ ಬಿಡು’ ಅಂದೋರಿದ್ರು. ಫೆಬ್ರವರಿ ಶುರುವಿನಲ್ಲಿ ಕೇಸು ಇಳೀತಿತ್ತು, ದಿನದ ಸಾವು ಮಾತ್ರ ಜನವರಿಗಿಂತ ಜಾಸ್ತಿ ಇತ್ತು. ಡೆಲ್ಟಾದಷ್ಟಲ್ಲ, ಆದ್ರೂ ಜಾಸ್ತಿ.

2021ನ್ನ ಹಿಂದೆ ತಿರುಗಿಸಿ ನೋಡಿ. ಮಾರ್ಚ್ ಮೊದಲ ವಾರ ರಾಜ್ಯದಲ್ಲಿ ದಿನಕ್ಕೆ ಕೆಲವು ನೂರು ಕೇಸು. ಮಾರ್ಚ್ 31ಕ್ಕೆ 4 ಸಾವಿರ ದಾಟಿತು. ಏಪ್ರಿಲ್ 30ಕ್ಕೆ 48 ಸಾವಿರ ದಾಟಿತು. ತಿಂಗಳಿಗೆ ಹತ್ತರ ಹತ್ತಿರ ಪಟ್ಟು! ಮಾರ್ಚ್‌ನಲ್ಲಿ ಯಾರನ್ನ ಕೇಳಿದ್ರೂ, ‘ಆರು ಕೋಟಿ ಜನಕ್ಕೆ ನಾನೂರು ಐನೂರು ಕೇಸು ಯಾವ ಲೆಕ್ಕ’ ಅಂತಿದ್ರು. ನಂಬರ್ ಚಿಕ್ಕದಿತ್ತು ನಿಜ, ಆದ್ರೆ ನೋಡಬೇಕಾಗಿದ್ದು ಎಷ್ಟು ದಿನಕ್ಕೆ ಡಬಲ್ ಆಗ್ತಿದೆ ಅಂತ. ರಾಜ್ಯ ಪೂರ್ತಿ ಬಂದ್ ಮಾಡಿದ್ದು ಏಪ್ರಿಲ್ 27ರ ರಾತ್ರಿ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ, ಹಾಗೆ. ಆ ವಾರಗಳಲ್ಲಿ ನನ್ನ ವಯಸ್ಸಿನ ಹುಡುಗ್ರು ಹುಡುಗಿಯರು ರಾತ್ರಿಯೆಲ್ಲ ಬೆಡ್ ಎಲ್ಲಿದೆ, ಆಕ್ಸಿಜನ್ ಸಿಲಿಂಡರ್ ಎಲ್ಲಿದೆ ಅಂತ ಫೋನ್ ಮಾಡ್ತಾ ಕೂತಿದ್ರು. ಮೇ ಮೊದಲ ವಾರದಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯ ಮಧ್ಯೆ ರೋಗಿಗಳು ಸತ್ತಿದ್ದು ಮರೆಯೋ ವಿಷಯ ಅಲ್ಲ.

ಇಷ್ಟೂ ರಾಜ್ಯದ ಲೆಕ್ಕ. ನಿಮ್ಮ ಬೀದಿಗೆ ಇದರಿಂದ ಏನು ಗೊತ್ತಾಗುತ್ತೆ? ಅಷ್ಟೇನೂ ಇಲ್ಲ. ಆಗ ಬೆಂಗಳೂರಲ್ಲಿ 198 ವಾರ್ಡಿನ ಪಟ್ಟಿ ಬರ್ತಿತ್ತು, ಬೆಳ್ಳಂದೂರು ಮತ್ತೆ ಮತ್ತೆ ಮೇಲಿರ್ತಿತ್ತು. ಎಲ್ಲರೂ ‘ಅಯ್ಯೋ ಬೆಳ್ಳಂದೂರು’ ಅಂತಿದ್ರು. ಆದ್ರೆ ಅಲ್ಲಿ ಜನ ಎಷ್ಟು? ಟೆಸ್ಟ್ ಎಷ್ಟು? ಆ ಎರಡು ಕಾಲಂ ಇಲ್ಲದ ಪಟ್ಟಿ ನನ್ನ ಕಣ್ಣಿಗೆ ಅರ್ಧ ಪಟ್ಟಿ.

ಹಳ್ಳಿ ಕಡೆ ಇನ್ನೂ ಕಷ್ಟ. ನಮ್ಮ ದೊಡ್ಡಮ್ಮಂಗೆ 2021ರ ಮೇನಲ್ಲಿ ಜ್ವರ ಬಂತು. ಮನೆಯವರು ಟೈಫಾಯ್ಡ್ ಅಂದ್ರು. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದು ಕೇಳಿದಾಗ ‘ನಮ್ಮನೇಲಿ ಎಲ್ಲರೂ ಚೆನ್ನಾಗಿದ್ದೀವಿ’ ಅಂದ್ರಂತೆ. ಯಾಕೆ ಗೊತ್ತಾ? ಪಾಸಿಟಿವ್ ಅಂದ್ರೆ ಮನೆ ಮುಂದೆ ಬ್ಯಾರಿಕೇಡ್ ಹಾಕ್ತಾರೆ, ಹಾಲು ಹಾಕಿಸ್ಕೊಳ್ಳಲ್ಲ, ಬಾವಿಗೆ ಬಿಡಲ್ಲ ಅನ್ನೋ ಭಯ. ಒಂಬತ್ತನೇ ದಿನ ಉಸಿರು ಕಟ್ಟಿತು. ತಾಲ್ಲೂಕು ಆಸ್ಪತ್ರೆ ಮುಟ್ಟೋಷ್ಟರಲ್ಲಿ ಹೋಗ್ಬಿಟ್ಟಿದ್ರು. ಟೆಸ್ಟೇ ಆಗಿರಲಿಲ್ಲ. ಕರ್ನಾಟಕದ ಅಧಿಕೃತ ಲೆಕ್ಕದಲ್ಲಿ ಕೋವಿಡ್ ಸಾವು 40 ಸಾವಿರಕ್ಕೂ ಮೇಲೆ. ಅದರಲ್ಲಿ ನಮ್ಮ ದೊಡ್ಡಮ್ಮ ಇಲ್ಲ.

ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. 2020ರ ಮಾರ್ಚ್‌ನಲ್ಲಿ ಹೋಮ್ ಕ್ವಾರಂಟೈನ್‌ನಲ್ಲಿದ್ದ ಸಾವಿರಾರು ಜನರ ವಿಳಾಸದ ಪಟ್ಟಿಯನ್ನ ಸರ್ಕಾರವೇ ಆನ್‌ಲೈನ್‌ನಲ್ಲಿ ಹಾಕಿತ್ತು. ಕೈಗೆ ಸೀಲು, ಬಾಗಿಲಿಗೆ ಸ್ಟಿಕ್ಕರ್, ಗಂಟೆಗೊಂದು ಸೆಲ್ಫಿ ಕಳಿಸೋ ಆ್ಯಪ್. ಸೆಲ್ಫಿಗೆ ಈಗ ನಗು ಬರುತ್ತೆ, ಪಟ್ಟಿಗೆ ಬರಲ್ಲ. ಆ ವಿಳಾಸಗಳು ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿದ ಮೇಲೆ ಜನ ಕಾಯಿಲೆಗಿಂತ ಪಕ್ಕದ ಮನೆಯವರಿಗೇ ಹೆಚ್ಚು ಹೆದರಿದ್ರು. ನನ್ನ ಪ್ರಕಾರ ನಮ್ಮ ಲೆಕ್ಕ ಕೆಟ್ಟಿದ್ದು ಅಲ್ಲಿಂದಲೇ. ಹೆದರಿದವರು ಮುಚ್ಚಿಡ್ತಾರೆ, ಮುಚ್ಚಿಟ್ಟ ಕಡೆ ಟೆಸ್ಟ್ ಆಗಲ್ಲ, ಟೆಸ್ಟ್ ಆಗದ ಊರು ಮ್ಯಾಪ್‌ನಲ್ಲಿ ಹಸಿರಾಗಿ ಕಾಣುತ್ತೆ.

ಹಾಗಾದ್ರೆ ಈಗ, ದಿನಾ ಬುಲೆಟಿನ್ ಇಲ್ಲದ ಕಾಲದಲ್ಲಿ, ಏನು ನೋಡೋದು? ಒಂದು ಮಸ್ತ್ ವಿಷಯ ಹೇಳ್ತೀನಿ, ತಿಂಡಿ ತಿಂತಿದ್ರೆ ಸಾರಿ. ಕೊಳಚೆ ನೀರು. ಸೋಂಕು ತಗುಲಿದವರಲ್ಲಿ ತುಂಬಾ ಜನರ ಮಲದಲ್ಲಿ ವೈರಸ್ಸಿನ ಅಂಶ ಹೋಗುತ್ತೆ, ಅವರು ಟೆಸ್ಟ್ ಮಾಡಿಸಲಿ ಬಿಡಲಿ. 2022ರ ಜನವರಿಯಿಂದ ಜೂನ್‌ವರೆಗೆ ಬೆಂಗಳೂರಿನ 28 ಕೊಳಚೆ ನೀರು ಶುದ್ಧೀಕರಣ ಘಟಕಗಳಿಂದ ಸ್ಯಾಂಪಲ್ ತಗೊಂಡು ವಿಜ್ಞಾನಿಗಳು ಇದನ್ನ ಅಳೆದ್ರು. ಕಕ್ಕಸ್ಸಿಗೆ ಸುಳ್ಳು ಹೇಳೋಕಾಗಲ್ಲ! ಯಾರ ಹೆಸರೂ ಬೇಕಿಲ್ಲ, ವಿಳಾಸವೂ ಬೇಕಿಲ್ಲ, ಏರಿಯಾದ ಟ್ರೆಂಡ್ ಸಿಗುತ್ತೆ. ಇಂಥ ಲೆಕ್ಕ ಪ್ರತಿ ವಾರ ನಮ್ಮ ಮೊಬೈಲ್‌ಗೆ ಬರಬೇಕು ಅನ್ನೋದು ನನ್ನ ಆಸೆ.

ಅದು ಬರೋವರೆಗೆ ನಾವು ನೋಡಬಹುದಾದದ್ದು ಇದೆ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ವಾರ ಜ್ವರ ಕೆಮ್ಮು ಅಂತ ಬಂದವರು ಹೋದ ವಾರಕ್ಕಿಂತ ಜಾಸ್ತಿನಾ? ನರ್ಸ್ ಅಕ್ಕನ್ನ, ಆಶಾ ಅಕ್ಕನ್ನ ಮರ್ಯಾದೆಯಿಂದ ಕೇಳಿದ್ರೆ ಹೇಳ್ತಾರೆ. ಹೆಸರು ಕೇಳ್ಬೇಡಿ, ಸಂಖ್ಯೆ ಕೇಳಿ. ಮೆಡಿಕಲ್ ಶಾಪ್‌ನವರಿಗೆ ಪ್ಯಾರಾಸಿಟಮಾಲ್ ಎಷ್ಟು ಬೇಗ ಖಾಲಿ ಆಗ್ತಿದೆ ಅಂತ ಗೊತ್ತಿರುತ್ತೆ. ಇದು ಕೋವಿಡ್ಡೋ, ಫ್ಲೂನೋ, ಡೆಂಗಿನೋ ಇದರಿಂದ ಗೊತ್ತಾಗಲ್ಲ. ಅದನ್ನ ಹೇಳೋದು ಡಾಕ್ಟರ್ ಮತ್ತೆ ಟೆಸ್ಟು. ಆದ್ರೆ ‘ಎರಡು ವಾರದಿಂದ ಏರ್ತಿದೆ’ ಅನ್ನೋದು ಸಾಕು, ಹುಷಾರಾಗೋಕೆ.

ನಮ್ಮ ಬೀದೀಲಿ 22 ಮನೆ, ಒಂದು ಗ್ರೂಪ್. ನಿಯಮ ಎರಡೇ. ‘ಯಾರಿಗೆ ಬಂದಿದೆ’ ಅಂತ ಗ್ರೂಪಲ್ಲಿ ಕೇಳಂಗಿಲ್ಲ, ‘ಏನು ಬೇಕು’ ಅಂತ ಕೇಳಬಹುದು. ಜ್ವರ ಬಂದೋರು ನನಗೋ, ಕೆಳಗಿನ ಮನೆ ಆಂಟಿಗೋ ಪರ್ಸನಲ್ ಮೆಸೇಜ್ ಹಾಕಿದ್ರೆ ಹಾಲು, ತರಕಾರಿ ಬಾಗಿಲಿಗೆ ಹೋಗುತ್ತೆ. ನಾನು ಎಕ್ಸೆಲ್ ಶೀಟಲ್ಲಿ ಬರೀ ವಾರ, ಸಂಖ್ಯೆ ಬರೀತೀನಿ. ಒಂದೇ ಆಕ್ಸಿಮೀಟರ್ ಎಲ್ಲರಿಗೂ, ಒರೆಸಿ ಕೊಡ್ತೀವಿ. 94ಕ್ಕಿಂತ ಕೆಳಗೆ ತೋರಿಸಿದ್ರೆ ಇನ್ನೊಂದು ಬೆರಳಿಗೆ ಹಾಕಿ ನೋಡಿ, ಆಗಲೂ ಅಷ್ಟೇ ಇದ್ರೆ ಕಾಯೋದಿಲ್ಲ, ಆಸ್ಪತ್ರೆಗೆ. ಉಸಿರಾಡೋಕೆ ಕಷ್ಟ ಆದ್ರೆ ಮೀಟರ್ ಏನೇ ಹೇಳ್ಲಿ, ಹೋಗೋದೇ. ಇನ್ನು ಮಿಕ್ಕಿದ್ದು ನಿಮಗೆ ಗೊತ್ತಿರೋದೇ. ಕೆಮ್ಮಿದ್ರೆ ಮಾಸ್ಕ್, ಕಿಟಕಿ ತೆಗೆದಿಡಿ, ಶುಗರ್ ಬಿಪಿ ಇರೋ ಹಿರಿಯರು ಲಸಿಕೆ ಬಗ್ಗೆ ಡಾಕ್ಟರ್ ಹತ್ರ ಕೇಳಲಿ. ಪಿಜಿಯಲ್ಲಿ ನಾಲ್ಕು ಜನ ಒಂದೇ ರೂಮಲ್ಲಿರೋರಿಗೆ ‘ಐಸೋಲೇಟ್ ಆಗಿ’ ಅನ್ನೋದು ಜೋಕು ಅಂತ ನನಗೂ ಗೊತ್ತು. ಕನಿಷ್ಠ ಕಿಟಕಿ ಪಕ್ಕದ ಮಂಚ ಅವರಿಗೆ ಬಿಟ್ಟುಕೊಡಿ, ಊಟ ರೂಮಿಗೆ ತಂದುಕೊಡಿ.

ಹೋದ ಎಪಿಸೋಡ್‌ಗೆ ಹಾಸನದ ಒಬ್ಬ ಕೇಳುಗರು, ಅಂಗಡಿ ಕೆಲಸದ ಹುಡುಗ ಜ್ವರದಲ್ಲಿ ರಜೆ ಹಾಕಿದ್ರೆ ಸಂಬಳ ಕಟ್ ಮಾಡ್ತಾರೆ, ಅವನು ಮನೇಲಿ ಹೇಗೆ ಕೂರೋದು ಅಂತ ಕೇಳಿದ್ರು. ಮುಂದಿನ ವಾರ ಅದೇ ವಿಷಯ, ಸಣ್ಣ ಅಂಗಡಿಯ ಲೆಕ್ಕದಲ್ಲಿ ಮೂರು ದಿನದ ಸಂಬಳ ಸಹಿತ ರಜೆ ಎಷ್ಟು ಖರ್ಚಿನದ್ದು ಅಂತ ಕೂಡಿಸಿ ನೋಡೋಣ. ಅಷ್ಟರಲ್ಲಿ ನಿಮ್ಮ ಹತ್ತಿರದ ಆರೋಗ್ಯ ಕೇಂದ್ರ ಎಲ್ಲಿದೆ, ಆಶಾ ಕಾರ್ಯಕರ್ತೆ ಯಾರು ಅಂತ ವಿಚಾರಿಸಿ, ನಂಬರ್ ಸೇವ್ ಮಾಡ್ಕೊಳ್ಳಿ. ಆರೋಗ್ಯವಾಣಿ 104 ಕೂಡ. ಯಾರ ಹೆಸರೂ ಇಲ್ಲದೆ, ನಿಮ್ಮ ಏರಿಯಾದಲ್ಲಿ ಏನು ಕಾಣ್ತಿದೆ ಅಂತ ಒಂದು ವಾಯ್ಸ್ ನೋಟ್ ಕಳಿಸಿ. ಸಿಗ್ತೀನಿ.