ಬೀಗರ ಬೆನ್ನಿಗೆ ನಿಂತ ಕೊಸಾಕರು



ಪಟ್ಟಕ್ಕಾಗಿ ನಡೆದ ಯುದ್ಧಗಳನ್ನು ಕುರಿತ ಈ ವಿಚಾರ ಸಂಕಿರಣವನ್ನು ಫಿಂತಾ ಕದನದಿಂದ ಆರಂಭಿಸಬಹುದು. ಇಂದಿನ ರೊಮೇನಿಯಾದಲ್ಲಿ, ಯಾಲೊಮಿತ್ಸಾ ನದಿಯ ಬಳಿ, 1653ರ ಮೇ 27ರಂದು ಉಕ್ರೇನಿನ ಕೊಸಾಕರು ಸೋತರು. ಅಷ್ಟು ದೂರದಲ್ಲಿ ಅವರಿಗೇನು ಕೆಲಸವಿತ್ತು?

ಉತ್ತರ ಒಂದು ಮದುವೆಯಲ್ಲಿದೆ. 1634ರಿಂದ ಮೊಲ್ದಾವಿಯಾವನ್ನು ಆಳುತ್ತಿದ್ದ ವಸೀಲೆ ಲೂಪು ಹಿರಿಮಗಳನ್ನು ಲಿಥುವೇನಿಯಾದ ರಾದ್ಜಿವಿಲ್ ಮನೆತನಕ್ಕೆ ಕೊಟ್ಟಿದ್ದ. ಕಿರಿಯವಳಾದ ರುಕ್ಸಾಂದ್ರಾಳನ್ನು ಸೊಸೆ ಮಾಡಿಕೊಳ್ಳಲು ಹಟ ಹಿಡಿದವನು ಕೊಸಾಕರ ಹೆತ್ಮನ್, ಅಂದರೆ ನಾಯಕ, ಬೊಹ್ದಾನ್ ಖ್ಮೆಲ್ನಿತ್ಸ್ಕಿ. 1650ರಲ್ಲಿ ಕೊಸಾಕರೂ ಕ್ರಿಮಿಯಾದ ತಾತಾರರೂ ಮೊಲ್ದಾವಿಯಾಕ್ಕೆ ನುಗ್ಗಿ ಲೂಪುವಿನಿಂದ ಮಾತು ಪಡೆದರು. 1652ರಲ್ಲಿ ದಾರಿಗೆ ಅಡ್ಡ ನಿಂತ ಪೋಲೆಂಡಿನ ಸೇನೆ ಬಾತೋಗ್‌ನಲ್ಲಿ ನುಚ್ಚುನೂರಾಯಿತು. ಅದೇ ವರ್ಷ ಯಾಶ್ ನಗರದಲ್ಲಿ ಹೆತ್ಮನನ ಮಗ ತಿಮೋಶ್‌ಗೂ ರುಕ್ಸಾಂದ್ರಾಳಿಗೂ ಮದುವೆ. ಹೆಣ್ಣು ಕೇಳಲು ಇಷ್ಟು ದೊಡ್ಡ ದಂಡು ಹೊರಟದ್ದು ಅಪರೂಪವೇ!

ಈ ಬೀಗತನ ನೆರೆಯವರ ನಿದ್ದೆಗೆಡಿಸಿತು. ವಲಾಕಿಯಾದ ಮತೇಯ್ ಬಸರಾಬನೂ ಟ್ರಾನ್ಸಿಲ್ವೇನಿಯಾದ ರಾಕೋತ್ಸಿಯೂ ಲೂಪುವಿನ ಮಂತ್ರಿ ಗೆಯೋರ್ಗೆ ಶ್ತೆಫಾನನ ಬೆನ್ನಿಗೆ ನಿಂತರು. 1653ರ ವಸಂತದಲ್ಲಿ ಮಂತ್ರಿ ಪಟ್ಟ ಕಸಿದುಕೊಂಡ. ಅಳಿಯ ಧಾವಿಸಿ ಬಂದು ಮಾವನನ್ನು ಮತ್ತೆ ಕೂರಿಸಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ಲೂಪು ಉಳಿಯುತ್ತಿದ್ದನೇನೋ. ಆದರೆ ವಲಾಕಿಯಾದ ಮೇಲೆ ಅವನಿಗೆ ಹಳೆಯ ಆಸೆ. 1630ರ ದಶಕದಲ್ಲೇ ಒಮ್ಮೆ ಕೈ ಸುಟ್ಟುಕೊಂಡಿದ್ದ. ಈ ಬಾರಿ ಅಳಿಯನ ಜೊತೆ ಗಡಿ ದಾಟಿದ.

ಫಿಂತಾದಲ್ಲಿ ಕದನದ ನಡುವೆಯೇ ಬಿರುಗಾಳಿ, ಮಳೆ ಬಡಿಯಿತು. ವೃದ್ಧ ಬಸರಾಬ್ ಕಾಲಿಗೆ ಗಾಯವಾದರೂ ಕಣ ಬಿಡಲಿಲ್ಲ. ಕೊಸಾಕರ ಸಾಲು ಮುರಿಯಿತು.

ಆದರೂ ತೀರ್ಪು ಅಲ್ಲಿ ಆಗಲಿಲ್ಲ. ಲೂಪುವಿನ ಹೆಂಡತಿ ಸುಚಾವಾ ಕೋಟೆಯಲ್ಲಿ ಶತ್ರುಗಳ ಮುತ್ತಿಗೆಗೆ ಸಿಕ್ಕಿಕೊಂಡಳು. ಅವಳ ನೆರವಿಗೆ ಬಂದ ತಿಮೋಶ್ ಸೆಪ್ಟೆಂಬರಿನಲ್ಲಿ ಗಾಯಗೊಂಡು ಸತ್ತ. ಆಗ ಅವನಿಗೆ ಇಪ್ಪತ್ತರ ಆಸುಪಾಸು. ಅಕ್ಟೋಬರಿನಲ್ಲಿ ಕೋಟೆ ಬಿತ್ತು. ಲೂಪು ಕಡೆಗೆ ಇಸ್ತಾನ್‌ಬುಲ್‌ನ ಯೆದಿಕುಲೆ ಸೆರೆ ಸೇರಿದ. ಮೊಲ್ದಾವಿಯಾ ಸುಲ್ತಾನನಿಗೆ ಕಪ್ಪ ಕೊಡುತ್ತಿದ್ದ ರಾಜ್ಯ. ರಣದಲ್ಲಿ ಗೆದ್ದವನಿಗೂ ಸುಲ್ತಾನನ ಒಪ್ಪಿಗೆ ಬೇಕಿತ್ತು. ಮದುವೆಯ ನಂಟಿಗಾಗಿ ಇಷ್ಟೆಲ್ಲ ನಡೆದಿರುವಾಗ ಕೊಸಾಕರನ್ನು ಬರೀ ಕೂಲಿ ಸೈನಿಕರೆಂದು ಬದಿಗಿಡುವ ರೂಢಿ ಒಪ್ಪತಕ್ಕದ್ದಲ್ಲ. ಪೋಲೆಂಡಿನ ವಿರುದ್ಧ ಬಂಡೆದ್ದ ಹೆತ್ಮನನಿಗೆ ರಾಜಮನೆತನವೊಂದರ ನಂಟು ಬೇಕಿತ್ತು. ಆ ನಂಟು ಕಡಿದ ಮರುವರ್ಷದ ಜನವರಿಯಲ್ಲಿ ಅವನು ಪೆರೆಯಾಸ್ಲಾವ್‌ನಲ್ಲಿ ಮಾಸ್ಕೋದ ಜಾರ್‌ಗೆ ನಿಷ್ಠೆಯ ಪ್ರಮಾಣ ಮಾಡಿದ. ಅದಕ್ಕೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಸುಚಾವಾದ ಸಾವನ್ನು ಬಿಟ್ಟು ಆ ನಿರ್ಧಾರವನ್ನು ಓದುವುದು ಅರೆ ಓದು.

ಇನ್ನು ಆಕರಗಳ ವಿಷಯ. ಮೊಲ್ದಾವಿಯಾದ ಮಿರೊನ್ ಕೊಸ್ತಿನ್ ಆ ಕಾಲದಲ್ಲಿ ಬದುಕಿದ್ದ ಯುವ ಶ್ರೀಮಂತ. ಅವನ ವೃತ್ತಾಂತದಲ್ಲಿ ತಿಮೋಶ್ ಮನುಷ್ಯರೂಪದ ಮೃಗ. 1653ರಲ್ಲಿ ಯಾಶ್‌ನಲ್ಲಿದ್ದ ಅಲೆಪ್ಪೋದ ಪಾಲ್ ಅರಬ್ಬಿಯಲ್ಲಿ ಬರೆದ ಹೊರಗಿನವ. ಇಬ್ಬರನ್ನೂ ಅಕ್ಕಪಕ್ಕ ಇಟ್ಟು, ಯಾರು ಯಾರ ಮನೆಯವರೆಂದು ಕೇಳುವುದರಿಂದ ಈ ಎರಡು ದಿನಗಳ ಚರ್ಚೆ ಶುರುವಾಗಲಿ.