ಪರದೇಶದ ಓದು, ಪೌರನ ಹೊಣೆ



ಸಾಗರದಿಂದ ಕೆಲವೇ ಮೈಲಿ ದೂರದಲ್ಲಿ, ಇಕ್ಕೇರಿಯ ಸಮೀಪ, ವರದಮೂಲವೆಂಬ ಊರಿದೆ. ವರದಾ ನದಿ ಹುಟ್ಟುವುದು ಅಲ್ಲಿ. ಅಲ್ಲಿಂದ ಹೊರಟ ನೀರು ಬನವಾಸಿಯನ್ನು ಬಳಸಿಕೊಂಡು ಹಾವೇರಿ ಜಿಲ್ಲೆಯ ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಮನೆಗಳಿಂದ ಮಕ್ಕಳೂ ಹೊರಟಿದ್ದಾರೆ. ಹಿಂದೆ ಓದಲೆಂದು ಶಿವಮೊಗ್ಗೆಗೆ, ಮೈಸೂರಿಗೆ ಹೋಗುತ್ತಿದ್ದರು. ಈಗ ಜರ್ಮನಿಗೆ, ಅಮೆರಿಕಕ್ಕೆ, ಇಂಗ್ಲೆಂಡಿಗೆ ಹೋಗುತ್ತಾರೆ. ಅವರಲ್ಲಿ ಅನೇಕರು ಆರಿಸಿಕೊಳ್ಳುವ ವಿಷಯ ಗಣಕ ವಿಜ್ಞಾನ.

ಹೀಗೆ ಹೋದ ಮಕ್ಕಳನ್ನು ನಾವು ದೂರವಾಣಿಯಲ್ಲಿ ಎರಡು ಪ್ರಶ್ನೆ ಕೇಳುತ್ತೇವೆ. ಊಟ ಸರಿಯಾಗಿ ಆಗುತ್ತಿದೆಯೇ? ಪರೀಕ್ಷೆ ಹೇಗಾಯಿತು? ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಮೂರನೆಯ ಪ್ರಶ್ನೆಯೊಂದಿದೆ. ನೀನಿರುವ ಊರು ಹೇಗೆ ನಡೆಯುತ್ತದೆ, ಅದರಲ್ಲಿ ನಿನ್ನ ಪಾಲೇನು, ಅಲ್ಲಿಂದ ನೋಡಿದರೆ ನಮ್ಮೂರು ಹೇಗೆ ಕಾಣುತ್ತದೆ? ಇದನ್ನು ನಾವು ಕೇಳುವುದು ಅಪರೂಪ.

ನಾನು ವಿಜ್ಞಾನ ಓದಿ ದೂರದರ್ಶನಕ್ಕೆ ಬಂದವನು. ಕಾರ್ಯಕ್ರಮಗಳಿಗಾಗಿ ಹೊರದೇಶದಲ್ಲಿ ಓದುತ್ತಿರುವ ತರುಣರನ್ನು ಮಾತನಾಡಿಸುವಾಗ ಒಂದನ್ನು ಗಮನಿಸಿದ್ದೇನೆ. ಅವರ ವಿಷಯದ ಬಗ್ಗೆ ಕೇಳಿದರೆ ನಿರರ್ಗಳವಾಗಿ ಉತ್ತರಿಸುತ್ತಾರೆ. ನೀವು ವಾಸಿಸುವ ನಗರದ ಆಡಳಿತ ಯಾರ ಕೈಯಲ್ಲಿದೆ ಎಂದರೆ ತಡವರಿಸುತ್ತಾರೆ. ತಪ್ಪು ಅವರದಷ್ಟೇ ಅಲ್ಲ. ಓದು ಬೇರೆ, ಊರಿನ ಚಿಂತೆ ಬೇರೆ ಎಂದು ನಾವೇ ಅವರಿಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದೇವೆ. ಈ ಎರಡನ್ನೂ ಬೇರ್ಪಡಿಸುವುದು ಸರಿಯಲ್ಲವೆಂಬುದಕ್ಕೆ ನಮ್ಮಲ್ಲೇ ಒಳ್ಳೆಯ ನಿದರ್ಶನಗಳಿವೆ. ಅವುಗಳಲ್ಲಿ ಕೆಲವನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು ಈ ನೆಲದ್ದೇ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ 1932ರಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯಕ್ಕೆ ಹೋದರು. ಸಂಶೋಧನೆಗೆ ಅವರು ಆರಿಸಿಕೊಂಡದ್ದು 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯದ ಸಂಬಂಧವನ್ನು. 1966ರಲ್ಲಿ ಡಾಕ್ಟರೇಟ್ ಪಡೆದರು. ಸಾಹಿತ್ಯದ ವಿದ್ಯಾರ್ಥಿಗೆ ರಾಜಕೀಯದ ಗೊಡವೆ ಏಕೆ ಎಂದು ಕೇಳಬಹುದು. ಉತ್ತರ ನಮ್ಮ ಮಲೆನಾಡಿನಲ್ಲಿದೆ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು 1951ರಲ್ಲಿ ಸತ್ಯಾಗ್ರಹ ಹೂಡಿದರು. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಮರುವರ್ಷ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ಶಾಸನಸಭೆಗೆ ಆಯ್ಕೆಯಾದರು. ಆ ಸಮಾಜವಾದಿ ವಾತಾವರಣದಲ್ಲಿ ಬೆಳೆದ ತರುಣ ತನ್ನ ಊರಿನ ಪ್ರಶ್ನೆಯನ್ನೇ ಬರ್ಮಿಂಗ್‌ಹ್ಯಾಮಿಗೆ ಒಯ್ದಿದ್ದರು.

ಅಲ್ಲಿ ಏನು ನಡೆಯಿತೆಂಬುದನ್ನು ಅನಂತಮೂರ್ತಿಯವರೇ ನೆನಪಿಸಿಕೊಂಡಿದ್ದಾರೆ. ಗುರುಗಳಾದ ಮಾಲ್ಕಂ ಬ್ರಾಡ್‌ಬರಿಯವರೊಡನೆ ಸ್ವೀಡನ್ನಿನ ಬರ್ಗ್‌ಮನ್ ಅವರ 'ದಿ ಸೆವೆಂತ್ ಸೀಲ್' ಚಿತ್ರವನ್ನು ನೋಡಿದರು. ಪರದೆಯ ಮೇಲೆ ಅನುವಾದದ ಸಾಲುಗಳಿರಲಿಲ್ಲ. ಯೂರೋಪಿನ ಕಲಾವಿದ ತನ್ನ ಮಧ್ಯಯುಗವನ್ನು ಓದಿ ತಿಳಿದು ಮತ್ತೆ ಕಟ್ಟಬೇಕು. ನಮ್ಮಲ್ಲಾದರೋ ಬೇರೆ ಬೇರೆ ಶತಮಾನಗಳು ಒಂದೇ ಬೀದಿಯಲ್ಲಿ ಬದುಕಿವೆ ಎಂಬ ವಿಚಾರ ಅವರಿಗೆ ಹೊಳೆಯಿತು. ಅದನ್ನು ಕೇಳಿದ ಬ್ರಾಡ್‌ಬರಿ, ಆ ಬದುಕನ್ನು ಕುರಿತೇ ಬರೆಯುವಂತೆ ಹುರಿದುಂಬಿಸಿದರು. 'ಸಂಸ್ಕಾರ' ಕಾದಂಬರಿ 1965ರಲ್ಲಿ ಹೊರಬಂತು. ಮಲೆನಾಡಿನ ಅಗ್ರಹಾರದ ಕಥೆ ರೂಪುಗೊಂಡದ್ದು ಕಾರ್ಖಾನೆಗಳ ಊರಾದ ಬರ್ಮಿಂಗ್‌ಹ್ಯಾಮಿನಲ್ಲಿ.

ಆ ದಿನಗಳ ಬರ್ಮಿಂಗ್‌ಹ್ಯಾಮ್ ಎಂಥದೆಂಬುದನ್ನೂ ತಿಳಿಯಬೇಕು. ಪಕ್ಕದ ಸ್ಮೆದಿಕ್ ಕ್ಷೇತ್ರದಲ್ಲಿ 1964ರ ಚುನಾವಣೆ ವಲಸಿಗರ ಮೇಲಿನ ದ್ವೇಷವನ್ನು ಬಂಡವಾಳ ಮಾಡಿಕೊಂಡು ನಡೆಯಿತು. ಮೈಬಣ್ಣ ನೋಡಿ ಮನೆ ಬಾಡಿಗೆಗೆ ಕೊಡುವ, ಕೊಡದಿರುವ ಕಾಲ ಅದು. ಕಾದಂಬರಿ ಇದರಿಂದಲೇ ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಇಲ್ಲಿ ಮೇಲು ಜಾತಿಯವನಾಗಿ ಹುಟ್ಟಿದವನು ಅಲ್ಲಿ ಹೊರಗಿನವನಾಗುತ್ತಾನೆ ಎಂಬುದಷ್ಟೇ ನನ್ನ ಮಾತು. ತನ್ನೂರಿನಲ್ಲಿ ಹೊರಗೆ ನಿಂತವರ ಪಾಡನ್ನು ಅರಿಯಲು ವಿದ್ಯಾರ್ಥಿಗೆ ಇದಕ್ಕಿಂತ ನೇರವಾದ ಪಾಠ ಬೇರೆ ಇರಲಾರದು. ಈ ಪಾಠಕ್ಕೆ ಯಾವ ವಿಶ್ವವಿದ್ಯಾಲಯವೂ ಅಂಕ ಕೊಡುವುದಿಲ್ಲ.

ಅನಂತಮೂರ್ತಿಯವರು ಹಿಂದಿರುಗಿ ಬಂದರು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಆರಂಭವಾಗಿ, ಕೆ.ವಿ. ಸುಬ್ಬಣ್ಣನವರು ಬೆಳೆಸಿದ ನೀನಾಸಮ್ ಸಂಸ್ಥೆಯ ಸಂಸ್ಕೃತಿ ಶಿಬಿರಗಳಲ್ಲಿ ಅವರು ವರ್ಷ ವರ್ಷವೂ ಪಾಲ್ಗೊಂಡರು. ಆ ಸಂಸ್ಥೆ 1973ರಲ್ಲಿ ಚಿತ್ರಸಮಾಜವನ್ನು ಕಟ್ಟಿ, ಜಗತ್ತಿನ ಶ್ರೇಷ್ಠ ಚಲನಚಿತ್ರಗಳನ್ನು ಹಳ್ಳಿಯ ಜನರಿಗೆ ತೋರಿಸಿತು. ಚಿತ್ರಮಾಧ್ಯಮದಲ್ಲೇ ದುಡಿಯುವ ನನ್ನಂಥವನಿಗೆ ಇದು ಬೆರಗಿನ ಸಂಗತಿ. ಹೊರದೇಶದ ವಿದ್ಯಾರ್ಥಿಗೆ ಕತ್ತಲೆಯ ಚಿತ್ರಮಂದಿರದಲ್ಲಿ ದೊರೆತಂಥ ಅನುಭವ, ಅಡಿಕೆ ತೋಟದ ನಡುವಣ ಹಳ್ಳಿಯ ಜನರಿಗೂ ದೊರೆಯುವಂತಾಯಿತು.

ಇದು ಸಾಹಿತಿಯೊಬ್ಬರ ಮಾತಾಯಿತು, ವಿಜ್ಞಾನದ ವಿದ್ಯಾರ್ಥಿಗೆ ಇದೆಲ್ಲ ಹೊಂದುತ್ತದೆಯೇ ಎಂದು ಕೆಲವರಿಗೆ ಅನ್ನಿಸಬಹುದು. ಅವರಿಗಾಗಿ ಇನ್ನೊಂದು ನಿದರ್ಶನ. ಡಾಕ್ಟರ್ ಎಚ್. ನರಸಿಂಹಯ್ಯನವರು 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಬಡಮನೆಯಲ್ಲಿ ಹುಟ್ಟಿದರು. ಓದಿಗಾಗಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲೇ ಬಂದವರು ಅವರು. 1942ರ ಚಳವಳಿಯಲ್ಲಿ ಕಾಲೇಜು ಬಿಟ್ಟು ಸೆರೆಮನೆ ಸೇರಿದರು. ಮುಂದೆ ಭೌತಶಾಸ್ತ್ರದ ಅಧ್ಯಾಪಕರಾಗಿ, ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಬೀಜ ಭೌತಶಾಸ್ತ್ರದಲ್ಲಿ ಸಂಶೋಧನೆ ನಡೆಸಿ 1960ರಲ್ಲಿ ಡಾಕ್ಟರೇಟ್ ಪಡೆದರು.

ಹಿಂದಿರುಗಿದ ಮೇಲೆ ಅವರು ಮಾಡಿದ ಕೆಲಸವೇನು? 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿದರು. ವಾರಕ್ಕೊಂದು ಉಪನ್ಯಾಸ, ಪ್ರವೇಶಕ್ಕೆ ಶುಲ್ಕವಿಲ್ಲ, ಯಾರು ಬೇಕಾದರೂ ಬಂದು ಕೇಳಬಹುದು, ಪ್ರಶ್ನೆ ಹಾಕಬಹುದು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ವೈಜ್ಞಾನಿಕವಾಗಿ ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದರು. ಪ್ರಯೋಗಶಾಲೆಯಲ್ಲಿ ಕಲಿತ ನಿಯಮ ಸರಳವಾದದ್ದು. ಹೇಳಿದವರು ಯಾರು ಎಂದು ನೋಡದೆ, ಹೇಳಿದ್ದಕ್ಕೆ ಸಾಕ್ಷ್ಯವಿದೆಯೇ ಎಂದು ನೋಡುವುದು. ಆ ನಿಯಮವನ್ನು ಬೀಗ ಹಾಕಿದ ಕೋಣೆಯಲ್ಲಿ ಬಿಟ್ಟುಬರದೆ ಬೀದಿಗೂ ತಂದದ್ದು ನರಸಿಂಹಯ್ಯನವರ ಪೌರಕಾರ್ಯ. ಅವರಿಗೆ ವಿದ್ವತ್ತು ಮತ್ತು ನಾಗರಿಕತೆ ಎರಡು ಖಾತೆಗಳಾಗಿರಲಿಲ್ಲ.

ಇಬ್ಬರೂ ತಾಯ್ನಾಡಿಗೆ ಮರಳಿದವರು. ಮರಳದೆ ಅಲ್ಲೇ ಇರುವಾಗ ವಿದ್ಯಾರ್ಥಿಯೊಬ್ಬ ಏನು ಮಾಡಬಲ್ಲ? ಇದಕ್ಕೆ ಒಮ್ಮೆ ರೊಮೇನಿಯಾದ ಕಡೆ ನೋಡೋಣ. ಗಣಿತದಲ್ಲಿ ಆ ದೇಶದ ಹೆಸರು ದೊಡ್ಡದು. ಶಾಲಾ ಮಕ್ಕಳ ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್ ಆರಂಭವಾದದ್ದು 1959ರಲ್ಲಿ, ಅಲ್ಲಿಯೇ. ಯುವಕನಾಗಿದ್ದಾಗ ಪ್ಯಾರಿಸ್, ರೋಮ್ ನಗರಗಳಲ್ಲಿ ಅಧ್ಯಯನ ಮಾಡಿದ ಗ್ರಿಗೊರೆ ಮೊಯಿಸಿಲ್ ಎಂಬ ಗಣಿತಜ್ಞರು ತಮ್ಮ ದೇಶದಲ್ಲಿ ಗಣಕ ವಿಜ್ಞಾನಕ್ಕೆ ಅಡಿಪಾಯ ಹಾಕಿದರು. ಇತ್ತೀಚಿನ ದಶಕಗಳಲ್ಲಿ ಅಲ್ಲಿಯ ತರುಣರೂ ನಮ್ಮವರಂತೆಯೇ ಗುಂಪುಗುಂಪಾಗಿ ಹೊರದೇಶ ಸೇರಿದ್ದಾರೆ.

2014ರ ನವೆಂಬರಿನಲ್ಲಿ ರೊಮೇನಿಯಾದ ಅಧ್ಯಕ್ಷ ಚುನಾವಣೆ ನಡೆಯಿತು. ಹೊರದೇಶದಲ್ಲಿರುವವರಿಗಾಗಿ ರಾಯಭಾರ ಕಚೇರಿ ಮೊದಲಾದೆಡೆ ಮತಗಟ್ಟೆಗಳಿದ್ದವು. ಲಂಡನ್, ಪ್ಯಾರಿಸ್, ಮ್ಯೂನಿಕ್ ನಗರಗಳಲ್ಲಿ ವಿದ್ಯಾರ್ಥಿಗಳೂ ಕಾರ್ಮಿಕರೂ ಚಳಿಯಲ್ಲಿ ಗಂಟೆಗಟ್ಟಲೆ ಸಾಲು ನಿಂತರು. ಬಾಗಿಲು ಮುಚ್ಚುವ ಹೊತ್ತಿಗೆ ಸರದಿ ಬಾರದೆ ಎಷ್ಟೋ ಜನ ಹಿಂದಿರುಗಬೇಕಾಯಿತು. ಅವರು ಸುಮ್ಮನಾಗಲಿಲ್ಲ. ತಾಯ್ನಾಡಿನಲ್ಲೂ ಅವರ ಪರವಾಗಿ ಮೆರವಣಿಗೆಗಳಾದವು, ವಿದೇಶಾಂಗ ಸಚಿವರು ರಾಜೀನಾಮೆ ಕೊಟ್ಟರು. ಮೊದಲ ಸುತ್ತಿನಲ್ಲಿ ಹೊರಗಿನಿಂದ ಮತ ಹಾಕಿದವರು ಒಂದೂವರೆ ಲಕ್ಷಕ್ಕೆ ತುಸು ಹೆಚ್ಚು. ಎರಡನೆಯ ಸುತ್ತಿನಲ್ಲಿ ಆ ಸಂಖ್ಯೆ ಮೂರೂವರೆ ಲಕ್ಷವನ್ನು ದಾಟಿತು. ಮರುವರ್ಷ ಹೊರದೇಶದ ಪೌರರಿಗೆ ಅಂಚೆಯ ಮೂಲಕ ಮತ ಹಾಕುವ ಕಾನೂನು ಬಂತು. 2019ರ ಅಧ್ಯಕ್ಷ ಚುನಾವಣೆಯಲ್ಲಿ ಅವರಿಗಾಗಿ ಮೂರು ದಿನಗಳ ಮತದಾನಕ್ಕೆ ಏರ್ಪಾಡಾಯಿತು. ಸಾಲಿನಲ್ಲಿ ನಿಂತವರು ಕಾನೂನನ್ನೇ ಬದಲಿಸಿದರು.

ನಮ್ಮ ವಿದ್ಯಾರ್ಥಿಗಳ ಸ್ಥಿತಿ ಬೇರೆ. 2010ರಲ್ಲಿ ಆದ ತಿದ್ದುಪಡಿಯಿಂದ ಹೊರದೇಶದಲ್ಲಿರುವ ಭಾರತದ ಪೌರರು ತಮ್ಮೂರಿನ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಬಹುದು. ಆದರೆ ಮತ ಹಾಕಲು ಪಾಸ್‌ಪೋರ್ಟ್ ಹಿಡಿದು ತಮ್ಮೂರಿನ ಮತಗಟ್ಟೆಗೇ ಬರಬೇಕು. ಇಲ್ಲೊಂದು ವಿಚಿತ್ರವಿದೆ. ಕಾಮನ್‌ವೆಲ್ತ್ ದೇಶದವರೆಂಬ ಕಾರಣಕ್ಕೆ, ಬ್ರಿಟನ್ನಿನಲ್ಲಿ ಓದುತ್ತಿರುವ ಭಾರತದ ವಿದ್ಯಾರ್ಥಿ ಅಲ್ಲಿಯ ಪಾರ್ಲಿಮೆಂಟ್ ಚುನಾವಣೆಯಲ್ಲಿ ಮತ ಹಾಕಬಹುದು. ಬರ್ಮಿಂಗ್‌ಹ್ಯಾಮಿನಲ್ಲಿ ಕುಳಿತು ಬರ್ಮಿಂಗ್‌ಹ್ಯಾಮಿನ ಪ್ರತಿನಿಧಿಯನ್ನು ಆರಿಸಬಹುದು, ಸಾಗರದ ಪ್ರತಿನಿಧಿಯನ್ನು ಆರಿಸಲಾಗದು!

ಹಾಗಾದರೆ ಅವನ ಪೌರತ್ವ ನಿದ್ರಿಸಬೇಕೇ? ಬೇಕಿಲ್ಲ. ಕೈಯಲ್ಲಿರುವ ವಿದ್ಯೆಯೇ ಸಾಧನವಾಗಬಲ್ಲದು. ಗಣಕದಲ್ಲಿ ಕನ್ನಡ ಬರೆಯುವುದು ಒಂದು ಕಾಲಕ್ಕೆ ಪರದಾಟವಾಗಿತ್ತು. ಅಮೆರಿಕದಲ್ಲಿ ದುಡಿಯುತ್ತಿದ್ದ ಶೇಷಾದ್ರಿವಾಸು ಅವರು ತಮ್ಮ ಬಿಡುವಿನ ವೇಳೆಯಲ್ಲಿ 'ಬರಹ' ಎಂಬ ತಂತ್ರಾಂಶವನ್ನು ಸಿದ್ಧಪಡಿಸಿ 1998ರಲ್ಲಿ ಬಿಡುಗಡೆ ಮಾಡಿದರು, ಉಚಿತವಾಗಿ ಹಂಚಿದರು. ಅದನ್ನು ಮಾಡೆಂದು ಯಾವ ಕಂಪನಿಯೂ ಕೇಳಿರಲಿಲ್ಲ. ಎಷ್ಟೋ ಕನ್ನಡಿಗರು ಗಣಕದಲ್ಲಿ ತಮ್ಮ ಹೆಸರನ್ನು ಮೊದಲ ಬಾರಿಗೆ ತಮ್ಮ ಲಿಪಿಯಲ್ಲಿ ನೋಡಿದ್ದು ಅದರಿಂದ.

ಭಾಷೆಗೆ ಮಾತ್ರ ಈ ಮಾತು ಸೀಮಿತವಲ್ಲ. ಕರ್ನಾಟಕದಲ್ಲಿ 'ಭೂಮಿ' ಯೋಜನೆಯಿಂದ ಪಹಣಿಗಳು ಗಣಕಕ್ಕೆ ಸೇರಿದವು. ತಾಲ್ಲೂಕು ಕಚೇರಿಯಲ್ಲಿ ಮುದ್ರಿತ ಪಹಣಿ ಸಿಗುವಂತಾಯಿತು. ದೊಡ್ಡ ಸಾಧನೆಯೇ ಸರಿ. ಆದರೆ ನಮ್ಮದೇ ತಾಲ್ಲೂಕುಗಳಲ್ಲಿ, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನಿಂದ ಮನೆ, ಗದ್ದೆ ಕಳೆದುಕೊಂಡು ಕಾಡಿನಂಚಿಗೆ ಹೋಗಿ ನೆಲೆಸಿದ ಶರಾವತಿಯ ಸಂತ್ರಸ್ತ ಕುಟುಂಬಗಳಿವೆ. ಅವರಲ್ಲಿ ಅನೇಕರಿಗೆ ತಾವು ಸಾಗುವಳಿ ಮಾಡುವ ಭೂಮಿಯ ಹಕ್ಕುಪತ್ರದ ಪ್ರಶ್ನೆ ಅರುವತ್ತು ವರ್ಷಗಳಾದರೂ ಬಗೆಹರಿದಿಲ್ಲ. ಗಣಕಕ್ಕೆ ಕೊಟ್ಟದ್ದನ್ನು ಮಾತ್ರ ಅದು ಮರಳಿ ಹೇಳುತ್ತದೆ. ದಾಖಲೆಯಲ್ಲಿ ಇಲ್ಲದವನು ಗಣಕದಲ್ಲೂ ಇರುವುದಿಲ್ಲ. ಮಾಹಿತಿಯ ಸಂಗ್ರಹ ಹೇಗೆ ರಚನೆಯಾಗುತ್ತದೆ ಎಂದು ಹೊರದೇಶದಲ್ಲಿ ಕಲಿಯುವ ಸಾಗರದ, ಹೊಸನಗರದ ವಿದ್ಯಾರ್ಥಿಗೆ ಈ ಸಂಗತಿ ಗೊತ್ತಿರಬೇಕು. ಗೊತ್ತಿದ್ದರೆ, ಯಾರ ಹೆಸರು ಬಿಟ್ಟುಹೋಗಿದೆ ಎಂಬ ಪ್ರಶ್ನೆಯನ್ನು ಅವನು ತನ್ನ ಪಾಠದಲ್ಲೂ ಕೇಳುತ್ತಾನೆ, ಮುಂದೆ ತನ್ನ ಉದ್ಯೋಗದಲ್ಲೂ ಕೇಳುತ್ತಾನೆ.

ಹೊರಡುವ ತರುಣ ತರುಣಿಯರಿಗೆ ನಾನು ಹೇಳಬಯಸುವುದು ಇಷ್ಟೇ. ನೀವು ಸೇರುವ ನಗರದ ಸಭೆ ಸಾರ್ವಜನಿಕರಿಗೆ ತೆರೆದಿದ್ದರೆ ಒಮ್ಮೆಯಾದರೂ ಹೋಗಿ ಕುಳಿತು ಕೇಳಿ. ಅಲ್ಲಿಯ ಗ್ರಂಥಾಲಯ, ಬಸ್ಸು, ಕಸದ ವಿಲೇವಾರಿ ಯಾರ ಹಣದಿಂದ, ಯಾರ ತೀರ್ಮಾನದಿಂದ ನಡೆಯುತ್ತದೆಂದು ವಿಚಾರಿಸಿ. ಅಲ್ಲಿ ಕಂಡ ಒಳ್ಳೆಯದನ್ನೆಲ್ಲ ಹೊಗಳಿ ನಮ್ಮದನ್ನೆಲ್ಲ ತೆಗಳುವ ಚಟ ಬೇಡ. ಅಲ್ಲಿಯೂ ಹೊರಗೆ ನಿಂತವರು ಯಾರೆಂದು ನೋಡಿ. ನಮ್ಮೂರಿನ ಗ್ರಾಮಸಭೆ ಯಾವಾಗ ಸೇರುತ್ತದೆ, ಏನು ನಿರ್ಣಯಿಸುತ್ತದೆ ಎಂಬುದನ್ನು ಮನೆಯವರಿಂದ ಕೇಳಿ ತಿಳಿಯಿರಿ. 2005ರ ಮಾಹಿತಿ ಹಕ್ಕು ಕಾಯಿದೆಯಿರುವುದು ದೇಶದ ಪೌರರಿಗಾಗಿ. ಹೊರದೇಶದಲ್ಲಿ ಓದುವವರೂ ಪೌರರೇ. ರಾಜ್ಯೋತ್ಸವದ ದಿನ ಸಂಘದಲ್ಲಿ ಹಾಡಿ ಊಟ ಮಾಡುವುದು ಸಂತೋಷದ ಸಂಗತಿ. ವರ್ಷದ ಉಳಿದ ದಿನಗಳಿಗೂ ಒಂದಿಷ್ಟು ಕನ್ನಡದ ಕೆಲಸವಿರಲಿ.

ತಂದೆತಾಯಿಗಳಿಗೂ ಒಂದು ಮಾತು. ದೊಡ್ಡ ಮನೆಯಲ್ಲಿ ವಯಸ್ಸಾದ ಇಬ್ಬರೇ ಉಳಿದು, ತೋಟದ ಕೊಯ್ಲಿಗೆ ಜನ ಸಿಗದೆ ಒದ್ದಾಡುವುದನ್ನು ಈ ಭಾಗದಲ್ಲಿ ಎಲ್ಲರೂ ಬಲ್ಲರು. ಮಕ್ಕಳು ಹೋದದ್ದು ನಷ್ಟವೆಂದು ಅನ್ನಿಸುವುದು ಸಹಜ, ಆ ನೋವಿಗೆ ಭಾಷಣ ಪರಿಹಾರವಲ್ಲ. ಆದರೆ ಹೋದವರು ತಮ್ಮ ವಿಷಯವೊಂದನ್ನು ಬಿಟ್ಟು ಬೇರೇನನ್ನೂ ನೋಡದವರಾದರೆ ನಷ್ಟ ಇಮ್ಮಡಿಯಾಗುತ್ತದೆ. ನಮಗೂ ಅವರಿಲ್ಲ, ಅಲ್ಲಿಯವರಿಗೂ ಅವರಿಲ್ಲ. ಮುಂದಿನ ಸಲ ದೂರವಾಣಿ ಬಂದಾಗ ಊಟದ ವಿಚಾರ, ಪರೀಕ್ಷೆಯ ವಿಚಾರ ಆದ ಮೇಲೆ ಆ ಮೂರನೆಯ ಪ್ರಶ್ನೆಯನ್ನೂ ಕೇಳಿ. ಉತ್ತರ ತಕ್ಷಣ ಬಾರದಿದ್ದರೂ ಚಿಂತೆಯಿಲ್ಲ. ಕೇಳಿದವರಿದ್ದಾರೆಂದು ಗೊತ್ತಾದರೆ ಮಕ್ಕಳು ಹುಡುಕತೊಡಗುತ್ತಾರೆ.